ಎಲ್ಲರಿಗಿಂತ ಹೆಚ್ಚು ಕೂಗಿದರೂ ನಾಣ್ಯ ಕೈಗೆ ಬರಲಿಲ್ಲ, ಯಾಕೆ?

ಓದುಗರ ಪ್ರಶ್ನೆ: ಸರ್, ನಾನು ದಾವಣಗೆರೆ ಜಿಲ್ಲೆಯ ಅಡಿಕೆ ಬೆಳೆಗಾರ. ಹತ್ತು ವರ್ಷದಿಂದ ಮೈಸೂರು ಸೀಮೆಯ ಹಳೆಯ ನಾಣ್ಯಗಳನ್ನು ಕೂಡಿಡುತ್ತಿದ್ದೇನೆ. ಕಳೆದ ತಿಂಗಳು ಒಂದು ಆನ್‌ಲೈನ್ ಹರಾಜಿನಲ್ಲಿ ಟಿಪ್ಪುವಿನ ಬೆಳ್ಳಿಯ ಎರಡು ರೂಪಾಯಿ ನಾಣ್ಯ ಬಂದಿತ್ತು, ಪಟನ್ (ಶ್ರೀರಂಗಪಟ್ಟಣ) ಟಂಕಸಾಲೆಯದು. ಕ್ಯಾಟಲಾಗ್‌ನಲ್ಲಿ ಅಂದಾಜು ಬೆಲೆ 60,000ದಿಂದ 75,000 ಅಂತ ಇತ್ತು. ಸವಾಲು ಶುರುವಾಗಿದ್ದು 40,000ಕ್ಕೆ. ಯಾರೋ 40 ಅಂದರು, ನಾನು 42 ಅಂದೆ. ಹೀಗೇ ಎರಡೆರಡು ಸಾವಿರ ಏರುತ್ತಾ ಅವರು 52ಕ್ಕೆ ನಿಂತರು, ನಾನು 54 ಕೂಗಿದೆ. ನನ್ನದೇ ಆಯಿತು ಅಂದುಕೊಳ್ಳುವಷ್ಟರಲ್ಲಿ ‘ಮೀಸಲು ಬೆಲೆ (ಮಾಲೀಕರು ಒಪ್ಪುವ ಕನಿಷ್ಠ ಬೆಲೆ) ತಲುಪಿಲ್ಲ’ ಎಂದು ತೋರಿಸಿ ಲಾಟ್ (ಹರಾಜಿಗಿಟ್ಟ ಮಾಲು) ಮುಚ್ಚಿಬಿಟ್ಟರು. ಮೂರು ದಿನ ಬಿಟ್ಟು ಸಂಸ್ಥೆಯಿಂದ ಫೋನ್ ಬಂತು: ‘ಮಾಲೀಕರು 62,000ಕ್ಕೆ ಕೊಡ್ತಾರಂತೆ, ಬೇಕಾ?’ ಎದುರಿಗೆ ಕೂಗಿದವನು ಅವರದೇ ಮನುಷ್ಯ, ಎಲ್ಲಾ ನಾಟಕ ಅಂತ ಗೆಳೆಯರು ಹೇಳುತ್ತಾರೆ. ಇದು ಮೋಸವೇ? ಮೀಸಲು ಬೆಲೆ ಇದ್ದರೆ ಮೊದಲೇ ಯಾಕೆ ಹೇಳುವುದಿಲ್ಲ? ನಾನು ಎತ್ತಿಟ್ಟಿದ್ದು 65,000. ಕೊಂಡುಬಿಡಲೇ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಹರಾಜು ಅಂದರೆ ಹೆಚ್ಚು ಕೂಗಿದವನಿಗೆ ಮಾಲು ಎಂದು ನಾವೆಲ್ಲ ಚಿಕ್ಕಂದಿನಿಂದ ನಂಬಿಕೊಂಡು ಬಂದವರು. ಊರ ದೇವಸ್ಥಾನದಲ್ಲಿ ತೆಂಗಿನಕಾಯಿ ಹರಾಜು ನಡೆದರೂ ‘ಮೂರು ಸಾರಿ’ ಅಂದ ಮೇಲೆ ಎರಡನೆಯ ಮಾತಿಲ್ಲ. ಹಾಗಿರುವಾಗ ಎಲ್ಲರಿಗಿಂತ ಮೇಲೆ ಕೂಗಿಯೂ ಬರಿಗೈಯಲ್ಲಿ ಉಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ನಾಣ್ಯಗಳಿಗೆ ಬೆಲೆ ಕಟ್ಟುತ್ತಾ, ಹರಾಜಿನ ಕ್ಯಾಟಲಾಗ್ ಬರೆಯುತ್ತಾ ಬಂದಿದ್ದೇನೆ. ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಇದೇ ನೋವಿನವು.

ಆದರೆ ನೀವು ದಿನವೂ ಕಾಣುವ ಒಂದು ವ್ಯವಹಾರದಲ್ಲೇ ಇದಕ್ಕೆ ಉತ್ತರವಿದೆ. ಎಪಿಎಂಸಿಗೆ ಅಡಿಕೆ ಒಯ್ಯುತ್ತೀರಿ, ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ, ಸಂಜೆ ಹೊತ್ತಿಗೆ ಅತಿ ಹೆಚ್ಚಿನ ದರ ಯಾವುದೆಂದು ಗೊತ್ತಾಗುತ್ತದೆ. ಆ ದರ ನಿಮಗೆ ಒಪ್ಪಿಗೆಯಾಗದಿದ್ದರೆ ಏನು ಮಾಡುತ್ತೀರಿ? ‘ಈ ದರಕ್ಕೆ ಕೊಡಲ್ಲ’ ಎಂದು ಮಾಲನ್ನು ಹಾಗೇ ಉಳಿಸಿಕೊಳ್ಳುತ್ತೀರಿ. ಟೆಂಡರ್ ಹಾಕಿದ ಯಾವ ವ್ಯಾಪಾರಿಗೂ ನಿಮ್ಮ ಮನಸ್ಸಿನ ದರ ಎಷ್ಟೆಂದು ಮೊದಲೇ ಗೊತ್ತಿರಲಿಲ್ಲ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ನಾಣ್ಯದ ಮಾಲೀಕರೂ ಅದನ್ನೇ ಮಾಡಿದ್ದಾರೆ. ಇಲ್ಲಿರುವ ವ್ಯತ್ಯಾಸ ಒಂದೇ: ನೀವು ‘ಕೊಡಲ್ಲ’ ಎನ್ನುವುದು ಸಂಜೆಗೆ, ಅವರು ಅದನ್ನು ಮೊದಲೇ ಚೀಟಿಯಲ್ಲಿ ಬರೆದು ಹರಾಜಿನವರ ಕೈಗೆ ಕೊಟ್ಟಿರುತ್ತಾರೆ.

ಆ ಚೀಟಿ ಬರೆಯುವ ಹೊತ್ತಿನಲ್ಲಿ ನಾನು ಎಷ್ಟೋ ಸಲ ಎದುರಿಗೆ ಕೂತಿದ್ದೇನೆ. ಒಮ್ಮೆ ಮಂಡ್ಯ ಕಡೆಯ ಹೆಣ್ಣುಮಗಳೊಬ್ಬರು ಕುಂಕುಮದ ಭರಣಿಯಲ್ಲಿಟ್ಟುಕೊಂಡು ಇದೇ ಬಗೆಯ ನಾಣ್ಯ ತಂದಿದ್ದರು. ಮುಚ್ಚಳ ತೆಗೆದರೆ ಅಂಚಿನ ಸಂದಿಗಳಲ್ಲೆಲ್ಲ ಕೆಂಪು. ನಾವು ಹೇಳಿದ ಬೆಲೆ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಕ್ಕಿಂತ ಕಡಿಮೆಗೆ ಹೋಗೋದಾದ್ರೆ ನನಗೇ ವಾಪಸ್ ಕೊಡಿ ಸರ್, ನಮ್ಮತ್ತೆ ಕೊಟ್ಟಿದ್ದು’ ಎಂದರು. ಮೀಸಲು ಬೆಲೆ ಎಂದರೆ ಮೂಲದಲ್ಲಿ ಇಷ್ಟೇ. ಕೂಗುವವರು ಕಡಿಮೆ ಬಂದ ದಿನ, ಮಳೆ ಬಂದ ದಿನ, ನೆಟ್‌ವರ್ಕ್ ಕೈಕೊಟ್ಟ ದಿನ ಮನೆಯ ವಸ್ತು ಮಣ್ಣಿನ ಬೆಲೆಗೆ ಹೋಗದಿರಲಿ ಎಂದು ಹಾಕಿಕೊಂಡ ಬೇಲಿ.

ಹಾಗಿದ್ದರೆ ಅದನ್ನು ಬಚ್ಚಿಡುವುದೇಕೆ? ಇದಕ್ಕೆ ಕಾರಣ ಒಂದಲ್ಲ. ಶುರುವಿನ ಬೆಲೆ ಕಡಿಮೆ ಇದ್ದರೆ ಜನ ಸೇರುತ್ತಾರೆ. ನಾಲ್ಕು ಜನ ಕೂಗುವುದನ್ನು ಕಂಡ ಐದನೆಯವನಿಗೆ ‘ಇದು ಒಳ್ಳೆಯ ಮಾಲೇ ಇರಬೇಕು’ ಎಂಬ ಧೈರ್ಯ ಬರುತ್ತದೆ. ಹಳೆಯ ನಾಣ್ಯದಂಥ, ನಿಜವಾದ ಬೆಲೆ ಯಾರಿಗೂ ಖಚಿತವಿಲ್ಲದ ವಸ್ತುಗಳಲ್ಲಿ ಈ ಧೈರ್ಯ ಬಹಳ ಕೆಲಸ ಮಾಡುತ್ತದೆ. ಎರಡನೆಯದು, ವ್ಯಾಪಾರಿಗಳ ಕೂಟ. ನಾಲ್ಕೈದು ಮಂದಿ ಮೊದಲೇ ಮಾತಾಡಿಕೊಂಡು, ಒಬ್ಬನೇ ಕೂಗಿ, ಆಮೇಲೆ ತಮ್ಮೊಳಗೆ ಹಂಚಿಕೊಳ್ಳುವ ಚಾಳಿ ಎಲ್ಲ ದೇಶದ ಹರಾಜುಗಳಲ್ಲೂ ಇದೆ. ಮೀಸಲು ಬೆಲೆ ಇಷ್ಟೇ ಎಂದು ತಿಳಿದರೆ ಕೂಟದವರು ಸರಿಯಾಗಿ ಅಷ್ಟಕ್ಕೇ ಕೂಗಿ ಎತ್ತಿಕೊಂಡು ಹೋಗುತ್ತಾರೆ, ತಿಳಿಯದಿದ್ದರೆ ಅವರಿಗೆ ಲೆಕ್ಕ ಸಿಗುವುದಿಲ್ಲ. ಮೂರನೆಯದು ಹೊರಗೆ ಯಾರೂ ಹೇಳದ ಮಾತು: ಬಚ್ಚಿಟ್ಟ ಬೆಲೆಯನ್ನು ಕೊನೇ ಗಳಿಗೆಯಲ್ಲಿ ಇಳಿಸಬಹುದು. ಹರಾಜಿನ ಹಿಂದಿನ ರಾತ್ರಿ ಮಾಲೀಕರಿಗೆ ಫೋನ್ ಮಾಡಿ ‘ಐದು ಸಾವಿರ ಇಳಿಸಿ ಸರ್, ಆಸಕ್ತಿ ಕಡಿಮೆ ಇದೆ’ ಎಂದು ನಾನೇ ಕೇಳಿಕೊಂಡದ್ದುಂಟು. ಅಚ್ಚಾಗಿದ್ದ ಬೆಲೆಯನ್ನು ಹಾಗೆ ಇಳಿಸಿದರೆ ವಸ್ತುವಿನ ಮರ್ಯಾದೆಯೇ ಹೋಗುತ್ತದೆ.

ಬಚ್ಚಿಡುವುದರಿಂದ ಮಾಲೀಕರಿಗೆ ಯಾವಾಗಲೂ ಲಾಭ ಎಂದೇನಿಲ್ಲ. ರಾಮಾ ಕಾಟ್ಕರ್ ಮತ್ತು ಡೇವಿಡ್ ರೈಲಿ ಎಂಬ ಇಬ್ಬರು ಸಂಶೋಧಕರು ಇ-ಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಪೋಕೆಮಾನ್ ಎಂಬ ಆಟದ ಕಾರ್ಡುಗಳ 50 ಜೋಡಿಗಳನ್ನು ಮಾರಿ ನೋಡಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಕನಿಷ್ಠ ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟರು, ಇನ್ನೊಂದಕ್ಕೆ ಅಷ್ಟೇ ಬೆಲೆಯನ್ನು ಗುಟ್ಟಾಗಿ ಇಟ್ಟರು. 2006ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಗುಟ್ಟಿನ ಬೆಲೆಯ ಕಾರ್ಡುಗಳು ಮಾರಾಟವಾಗುವ ಸಂಭವವೇ ಕಡಿಮೆಯಾಗಿತ್ತು. ಗಂಭೀರವಾಗಿ ಕೊಳ್ಳುವವರು ಅಂಥ ಹರಾಜಿಗೆ ಬರುವುದೇ ಕಡಿಮೆಯಾಗಿತ್ತು. ಅವು ಅಗ್ಗದ ಕಾರ್ಡುಗಳು, ಟಿಪ್ಪುವಿನ ನಾಣ್ಯವಲ್ಲ, ನಿಜ. ಆದರೂ ಪರಿಚಯದ ಮಾಲೀಕರಿಗೆ ನಾನು ಇದನ್ನೇ ಹೇಳುವುದು: ಸಾಮಾನ್ಯ ನಾಣ್ಯವಾದರೆ ನಿಮ್ಮ ಕನಿಷ್ಠ ಬೆಲೆಯನ್ನೇ ಶುರುವಿನ ಬೆಲೆಯಾಗಿ ಇಡಿ, ಗುಟ್ಟು ಬೇಡ.

ಈಗ ನಿಮ್ಮ ಗೆಳೆಯರ ಅನುಮಾನಕ್ಕೆ ಬರೋಣ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಮಾಲೀಕರ ಪರವಾಗಿ ಹರಾಜಿನವರೇ ಕೂಗುವ ರೂಢಿ ನಿಜಕ್ಕೂ ಇದೆ. ಸಭೆಯಲ್ಲಿ ಯಾರೂ ಕೈ ಎತ್ತದಿದ್ದರೂ ‘44 ಬಂತು, 48 ಬಂತು’ ಎನ್ನುತ್ತಾ ಬೆಲೆಯನ್ನು ಮೀಸಲಿನ ಹತ್ತಿರ ತರುತ್ತಾರೆ. ಛಾವಣಿಯ ತೂಗುದೀಪವೇ ಕೂಗಿತು ಎಂದು ಇಂಗ್ಲಿಷಿನಲ್ಲಿ ಇದಕ್ಕೆ ಹೆಸರಿದೆ. ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಮಾರಾಟಕ್ಕೆ ಮೀಸಲು ಬೆಲೆ ಇದೆ ಎಂದು ತಿಳಿಸಿ ಹರಾಜು ನಡೆಸಬಹುದು. ತಾನೂ ಕೂಗುವ ಹಕ್ಕನ್ನು ಮಾಲೀಕ ಮೊದಲೇ ಸ್ಪಷ್ಟವಾಗಿ ಕಾಯ್ದಿರಿಸಿಕೊಂಡಿದ್ದರೆ ಅವನೋ ಅವನ ಪರವಾಗಿ ಒಬ್ಬನೋ ಕೂಗಬಹುದು. ಹಾಗೆ ತಿಳಿಸದೆ ಕೂಗಿದರೆ ಕೊಂಡವನು ಆ ಮಾರಾಟವನ್ನು ವಂಚನೆ ಎಂದೇ ಪರಿಗಣಿಸಬಹುದು. ಬೆಲೆ ಏರಿಸಲು ಸುಳ್ಳು ಕೂಗು ಬಳಸಿದ್ದರೆ ಕೊಂಡವನು ಬಯಸಿದರೆ ಮಾರಾಟ ರದ್ದಾಗುತ್ತದೆ. ಹರಾಜಿನ ನಿಯಮಗಳ ಪುಟದಲ್ಲಿ ‘ಮಾಲೀಕರ ಪರವಾಗಿ ಮೀಸಲು ಬೆಲೆಯವರೆಗೆ ಸಂಸ್ಥೆ ಕೂಗಬಹುದು’ ಎಂಬ ಸಾಲು ಇದೆಯೇ ಎಂದು ಮೊದಲು ನೋಡಿ. ‘ಮೀಸಲು ಬೆಲೆಯವರೆಗೆ’ ಎಂಬ ಪದ ಅಲ್ಲಿ ಇರಲೇಬೇಕು. ಮೀಸಲು ದಾಟಿದ ಮೇಲೆ ಮಾಲೀಕನಿಗಾಗಿ ಒಂದು ರೂಪಾಯಿ ಏರಿಸಿದರೂ ಅದು ನಿಮ್ಮ ಜೇಬಿಗೆ ಕೈ ಹಾಕಿದಂತೆ.

ಆದರೆ ನಿಮ್ಮ ಪ್ರಕರಣದಲ್ಲಿ ಹಾಗೆ ನಡೆದಿಲ್ಲ ಎಂದು ನನಗೆ ಅನ್ನಿಸುತ್ತದೆ. ಕೂಗಿನ ಸಾಲನ್ನೇ ಮತ್ತೊಮ್ಮೆ ನೋಡಿ. ಎದುರಾಳಿ 40, 44, 48, 52. ನೀವು 42, 46, 50, 54. ಎದುರಿಗಿದ್ದವರು ಹರಾಜಿನವರೇ ಆಗಿದ್ದರೆ, ಮೀಸಲು ಇನ್ನೂ ಮೇಲಿರುವಾಗ 52ಕ್ಕೆ ನಿಲ್ಲಲು ಅವರಿಗೆ ಕಾರಣವಿರಲಿಲ್ಲ. ನಿಮ್ಮನ್ನು ಮೀಸಲಿನ ಮೆಟ್ಟಿಲವರೆಗೆ ಕರೆದೊಯ್ಯುವುದೇ ಅವರ ಕೆಲಸ. 56 ಎಂದು ಕೂಗಿ ನಿಮ್ಮಿಂದ 58 ಕೇಳುತ್ತಿದ್ದರು. ಮೀಸಲು ತಲುಪದ ಲಾಟ್‌ನಲ್ಲಿ ಕೊನೆಯ ಕೂಗು ಸಂಸ್ಥೆಯದ್ದೇ ಆಗಿರುವುದು ಸಾಮಾನ್ಯ, ಅಂದರೆ ವಸ್ತು ಮಾಲೀಕನ ಕೈಗೇ ಮರಳುತ್ತದೆ. ಇಲ್ಲಿ ಕೊನೆಯ ಕೂಗು ನಿಮ್ಮದು. ಹಾಗಾಗಿ ಎದುರಿಗಿದ್ದವರು ಬಹುಮಟ್ಟಿಗೆ ನಿಮ್ಮಂಥವರೇ ಇನ್ನೊಬ್ಬ ಸಂಗ್ರಹಕಾರರು, ಅಥವಾ ‘52ರವರೆಗೆ ಹೋಗಿ’ ಎಂದು ಮೊದಲೇ ಬರೆದುಕೊಟ್ಟು ಮಲಗಿದವರು. ನಾಟಕವಾಗಿದ್ದರೆ ನಿಮ್ಮ ಕೂಗು ಇನ್ನೂ ಮೇಲೆ ಹೋಗಿರುತ್ತಿತ್ತು.

ನಿಜವಾದ ನಾಟಕ ಹೇಗಿರುತ್ತದೆ ಎಂಬುದನ್ನೂ ನೋಡಿದ್ದೇನೆ. ಹಿಂದೆ ನಾನು ಕ್ಯಾಟಲಾಗ್ ಬರೆದುಕೊಡುತ್ತಿದ್ದ ಒಂದು ಕಡೆ, ಮೀಸಲು ದಾಟಿದ ಮೇಲೂ ಒಂದು ನಾಣ್ಯಕ್ಕೆ ಬಿರುಸಿನ ಪೈಪೋಟಿ ನಡೆದು ಒಳ್ಳೆಯ ಬೆಲೆಗೆ ‘ಮಾರಾಟ’ವಾಯಿತು. ಎರಡು ಹರಾಜು ಕಳೆದ ಮೇಲೆ ಬೆಲೆ ಕಟ್ಟಲು ಅದೇ ನಾಣ್ಯ ನನ್ನ ಮೇಜಿಗೆ ಬಂತು, ಅದೇ ಮಾಲೀಕನಿಂದ. ಕೂಗಿ ಸಿಕ್ಕಿಹಾಕಿಕೊಂಡವನು ಅವನ ಭಾವಮೈದುನನಂತೆ. ಅಲ್ಲಿಗೆ ಬರೆದುಕೊಡುವುದನ್ನು ಅಂದೇ ನಿಲ್ಲಿಸಿದೆ. ಅದೇ ನಾಣ್ಯವೆಂದು ನನಗೆ ಗೊತ್ತಾಗಿದ್ದು ಹೇಗೆ ಎಂಬುದು ನಿಮಗೂ ಉಪಯೋಗಕ್ಕೆ ಬರುತ್ತದೆ. ಸುತ್ತಿಗೆಯಲ್ಲಿ ಹೊಡೆದ ನಾಣ್ಯಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ. ಅಚ್ಚು ಒಂದು ಪಕ್ಕಕ್ಕೆ ಸರಿದು ಅಕ್ಷರಗಳ ತುದಿ ಕತ್ತರಿಸಿರುತ್ತದೆ, ಬೆಳ್ಳಿ ಪರೀಕ್ಷಿಸಲು ಹಣ ಬದಲಿಸುವ ಶರಾಫರು ಹೊಡೆದ ಚಿಕ್ಕ ಗುರುತುಗಳು ಒಂದೊಂದರಲ್ಲಿ ಒಂದೊಂದು ಜಾಗದಲ್ಲಿರುತ್ತವೆ, ಅಂಚಿನಲ್ಲಿ ಸೀಳು ಬಿಟ್ಟಿರುತ್ತದೆ. ಅವೆಲ್ಲ ಸೇರಿದರೆ ಬೆರಳಚ್ಚು ಇದ್ದಂತೆ. ಹಳೆಯ ಕ್ಯಾಟಲಾಗ್‌ಗಳ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಒಂದು ನಾಣ್ಯ ಎಷ್ಟು ಸಲ ಹರಾಜಿಗೆ ಬಂದು ಹೋಗಿದೆ ಎಂದು ನೀವೇ ಹೇಳಬಹುದು. ಒಂದೇ ವರ್ಷದಲ್ಲಿ ಮೂರು ಸಲ ಬಂದಿದ್ದರೆ, ಮಾಲೀಕರ ಆಸೆ ಪೇಟೆಗಿಂತ ಮೇಲಿದೆ ಎಂದರ್ಥ.

ಮಾರಾಟವಾಗದ ಮಾಲನ್ನು ಮಾರಾಟವಾಯಿತೆಂದು ಹೇಳುವುದು ಇದಕ್ಕಿಂತ ದೊಡ್ಡ ತಪ್ಪು. 1981ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಎಂಟು ದೊಡ್ಡ ಚಿತ್ರಗಳು ಬಂದು, ಮಾರಾಟವಾದದ್ದು ಒಂದೇ. ಸಂಸ್ಥೆಯ ನ್ಯೂಯಾರ್ಕ್ ಶಾಖೆಯ ಮುಖ್ಯಸ್ಥ ಡೇವಿಡ್ ಬಾಥರ್ಸ್ಟ್ ಮೂರು ಮಾರಾಟವಾದವು ಎಂದು ಪತ್ರಿಕೆಗಳಿಗೆ ಹೇಳಿದರು. ನಾಲ್ಕು ವರ್ಷದ ಮೇಲೆ, 1985ರಲ್ಲಿ, ಅದು ಸುಳ್ಳೆಂದು ಒಪ್ಪಿಕೊಂಡು ಹುದ್ದೆ ಬಿಟ್ಟರು. ‘ಹರಾಜಿನಲ್ಲಿ ಬಿದ್ದದ್ದು’, ಅಂದರೆ ಮಾರಾಟವಾಗದೆ ಉಳಿದದ್ದು, ಎಂಬ ಕಳಂಕ ಅಂಟಿದರೆ ಮುಂದಿನ ಸಲ ಬೆಲೆ ಕುಸಿಯುತ್ತದೆ ಎಂಬ ಭಯ ಈ ವ್ಯಾಪಾರದಲ್ಲಿ ಅಷ್ಟು ಆಳವಾದದ್ದು. ನಿಮ್ಮ ಪರದೆಯ ಮೇಲೆ ‘ತಲುಪಿಲ್ಲ’ ಎಂದು ನೇರವಾಗಿ ತೋರಿಸಿದ್ದು ಆ ಸಂಸ್ಥೆಯ ಪರವಾಗಿ ಹೇಳಬಹುದಾದ ಮಾತು.

ಇನ್ನೊಂದು ತಪ್ಪು ಕಲ್ಪನೆ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೆ ಬಹಳ ಜನರಲ್ಲಿ ಇದೆ: ಮೀಸಲನ್ನು ಏರಿಸುವವರು ಹರಾಜಿನವರು ಎಂಬುದು. ಸತ್ಯ ಇದಕ್ಕೆ ತದ್ವಿರುದ್ಧ. ಲಾಟ್ ಮಾರಾಟವಾಗದಿದ್ದರೆ ಸಂಸ್ಥೆಗೆ ಕಮಿಷನ್ ಇಲ್ಲ, ಫೋಟೊ ತೆಗೆದ ಖರ್ಚು ಕೈಯಿಂದ ಹೋಗುತ್ತದೆ. ಅಂದಾಜಿನ ಕೆಳತುದಿಗಿಂತ ಮೀಸಲು ಮೇಲಿರಬಾರದು ಎಂಬ ರೂಢಿ ಕ್ರಿಸ್ಟೀಸ್, ಸದಬೀಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ಇರುವುದೂ ಅದಕ್ಕೇ. ಅಂದಾಜು ಬೆಲೆ ನೋಡಿದಾಗ ಇದನ್ನು ನೆನಪಿಟ್ಟುಕೊಳ್ಳಿ. ಆದರೆ ಅಂದಾಜು ಕೊನೆಯ ಬೆಲೆಯ ಭವಿಷ್ಯವಲ್ಲ. 2023ರ ಮೇ 23ರಂದು ಲಂಡನ್ನಿನ ಬಾನಮ್ಸ್‌ನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗಕ್ಕೆ ಇದ್ದ ಅಂದಾಜು 15ರಿಂದ 20 ಲಕ್ಷ ಪೌಂಡ್. ಅದು ಹೋಗಿದ್ದು 1 ಕೋಟಿ 40 ಲಕ್ಷ ಪೌಂಡ್‌ಗಿಂತ ಹೆಚ್ಚಿಗೆ.

ಈಗ ನಿಮ್ಮ 65,000ದ ಲೆಕ್ಕ. ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಪ್ರೀಮಿಯಂ, ಅಂದರೆ ಸಂಸ್ಥೆ ಕೊಂಡವರಿಂದ ಪಡೆಯುವ ಶುಲ್ಕ, ಬೀಳುತ್ತದೆ. ಶೇ 15 ಎಂದಿಟ್ಟುಕೊಳ್ಳೋಣ, ನಿಮ್ಮ ಸಂಸ್ಥೆಯದು ಎಷ್ಟೆಂದು ನಿಯಮಗಳಲ್ಲಿ ಇರುತ್ತದೆ. 54,000 ಕೂಗಿದಾಗಲೇ ನಿಮ್ಮ ಬಿಲ್ 62,100. ಮೇಲೆ ಜಿಎಸ್‌ಟಿ, ಕೊರಿಯರ್, ವಿಮೆ. ಅಂದರೆ ನಿಮ್ಮ ಹಣದ ಗಡಿಯಲ್ಲೇ ನೀವು ನಿಂತಿದ್ದಿರಿ, ಗೊತ್ತಿಲ್ಲದೆಯೇ ಸರಿಯಾದ ಜಾಗದಲ್ಲಿ. ಮುಂದೆ ಹರಾಜಿಗೆ ಕೂರುವ ಮೊದಲು ಈ ಲೆಕ್ಕವನ್ನು ಹಿಂದಿನಿಂದ ಮಾಡಿ: ಒಟ್ಟು ಹಣದಿಂದ ತೆರಿಗೆ, ಸಾಗಣೆ, ಪ್ರೀಮಿಯಂ ಕಳೆದು ಉಳಿಯುವುದೇ ನಿಮ್ಮ ಕೂಗಿನ ಮಿತಿ. ಅದು ನಿಮ್ಮದೇ ಮೀಸಲು ಬೆಲೆ. ಮಾಲೀಕರು ತಮ್ಮದನ್ನು ಗುಟ್ಟಾಗಿಟ್ಟಂತೆ ನೀವೂ ನಿಮ್ಮದನ್ನು ಗುಟ್ಟಾಗಿಡಿ, ಹರಾಜಿನ ಬಿಸಿಯಲ್ಲಿ ಅದನ್ನು ತಿದ್ದಬೇಡಿ.

ಎರಡೆರಡು ಸಾವಿರ ಏರಿಸುತ್ತಾ ಮೀಸಲನ್ನು ಹುಡುಕುವುದೋ, ಮಿತಿಯನ್ನು ಒಂದೇ ಸಲಕ್ಕೆ ಹಾಕಿಬಿಡುವುದೋ? ಎರಡರಲ್ಲೂ ಅಪಾಯ ಇದೆ. ಇ-ಬೇಯಂಥ ವ್ಯವಸ್ಥೆಯಲ್ಲಿ ನಿಮ್ಮ ಗರಿಷ್ಠ ಮೊತ್ತ ಮೀಸಲನ್ನು ಮುಟ್ಟಿದರೆ ಬೆಲೆ ತಾನಾಗಿ ಮೀಸಲಿಗೆ ಜಿಗಿದು ನಿಲ್ಲುತ್ತದೆ. ಬೇರೆ ಯಾರೂ ಇಲ್ಲದಿದ್ದರೂ ನೀವು ಮೀಸಲನ್ನೇ ಕೊಡುತ್ತೀರಿ, ಆದರೆ ಎದುರಾಳಿ ನಿಂತುಬಿಟ್ಟರೆ ಮುಂದೆ ಏರಿಸಲು ದಾರಿಯಿಲ್ಲದೆ ಉಳಿಯುವ ನಿಮ್ಮಂಥ ಸ್ಥಿತಿ ಬರುವುದಿಲ್ಲ. ಆದರೆ ಸಂಸ್ಥೆ ತನ್ನದೇ ತಾಣದಲ್ಲಿ ಹರಾಜು ನಡೆಸಿದರೆ, ನೀವು ಬರೆದಿಟ್ಟ ಗರಿಷ್ಠ ಮೊತ್ತ ಅವರ ಕಣ್ಣಿಗೆ ಬೀಳಬಹುದು. ಹತ್ತಾರು ವರ್ಷದ ಹೆಸರಿರುವ, ಮಾರಾಟವಾಗದ ಲಾಟ್‌ಗಳನ್ನು ಮುಚ್ಚಿಡದ ಸಂಸ್ಥೆಯಲ್ಲಿ ನಾನು ಮೊತ್ತ ಬರೆದಿಡುತ್ತೇನೆ. ಹೊಸ ಸಂಸ್ಥೆಯಾದರೆ ನಾನೇ ಕೂತು, ಕಣ್ಣಾರೆ ನೋಡುತ್ತಾ ಕೂಗುತ್ತೇನೆ. ಹರಾಜಿಗೆ ಎರಡು ದಿನ ಮೊದಲು ಫೋನ್ ಮಾಡಿ ‘ಕೆಳಗಿನ ಅಂದಾಜಿನ ಹತ್ತಿರ ಬಂದರೆ ಸಿಗಬಹುದಾ?’ ಎಂದು ಕೇಳುವುದೂ ತಪ್ಪಲ್ಲ. ಮೀಸಲು ಎಷ್ಟೆಂದು ಹೇಳುವುದಿಲ್ಲ, ಆದರೆ ದನಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ಇನ್ನು ಆ ಫೋನ್. ‘62,000’ ಎಂದರಲ್ಲ, ಅದು ಪ್ರೀಮಿಯಂ ಸೇರಿಯೋ, ಬಿಟ್ಟೋ? ಇಡೀ ವ್ಯವಹಾರ ಇದೊಂದು ಪ್ರಶ್ನೆಯ ಮೇಲೆ ನಿಂತಿದೆ. ಸೇರಿಸಿ ಎಂದಾದರೆ ಅದು 53,913ರ ಕೂಗಿಗೆ ಸಮ, ಅಂದರೆ ಮಾಲೀಕರು ನಿಮ್ಮ ಕೂಗಿಗೇ ಇಳಿದು ಬಂದಿದ್ದಾರೆ. ಬಿಟ್ಟು ಎಂದಾದರೆ ನಿಮ್ಮ ಬಿಲ್ 71,300, ತೆರಿಗೆ ಬೇರೆ. ಆಗ ಅದು ಅಂದಾಜಿನ ಕೆಳತುದಿಯನ್ನೂ ದಾಟಿದ ಬೆಲೆ, ನಿಮ್ಮ ಆಸೆ ನೋಡಿ ಏರಿಸಿದ್ದು ಎನ್ನಲು ಕಾರಣವಿದೆ. ನಾನಾಗಿದ್ದರೆ ‘54,000 ನಿಮ್ಮಲ್ಲೇ ದಾಖಲಾಗಿದೆ, ಆ ಬೆಲೆಗೆ ಇಂದೂ ತಯಾರಿದ್ದೇನೆ’ ಎಂದು ಮಾತು ಮುಗಿಸುತ್ತಿದ್ದೆ. ಬಿದ್ದ ಲಾಟ್ ಇನ್ನೊಂದು ಸಲ ಬಿದ್ದರೆ ಬೆಲೆ ಇಳಿಯುತ್ತದೆಂದು ಅವರಿಗೂ ಗೊತ್ತು. ಕಾಯುವುದರಲ್ಲಿ ಒಂದು ನಷ್ಟದ ಸಾಧ್ಯತೆಯೂ ಇದೆ, 52 ಕೂಗಿದ ಆ ಇನ್ನೊಬ್ಬರಿಗೂ ಇದೇ ಫೋನ್ ಹೋಗಿರಬಹುದು. ಅದನ್ನು ತೂಗಿ ನೋಡಬೇಕಾದವರು ನೀವು.

ಮಾಲೀಕ ಎಂದು ಹೇಳಿಕೊಂಡು ಬೇರೆ ಯಾರಾದರೂ ನೇರವಾಗಿ ಫೋನ್ ಮಾಡಿ ‘ಕಮಿಷನ್ ಉಳಿಯುತ್ತೆ, ನಾವೇ ಮುಗಿಸೋಣ’ ಎಂದರೆ ಮಾತ್ರ ಬೇಡ ಎನ್ನಿ. ಸಂಸ್ಥೆಯ ಮೂಲಕ ಕೊಂಡರೆ ಬಿಲ್ ಇರುತ್ತದೆ, ನಾಣ್ಯ ನಕಲಿಯಾದರೆ ವಾಪಸಾತಿಯ ಹಕ್ಕು ಅವರ ನಿಯಮಗಳಲ್ಲಿ ಇದೆಯೇ ಎಂದು ನೋಡಬಹುದು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಅಂಥವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೋ ತಮ್ಮನಿಗೋ ಉಡುಗೊರೆ ಕೊಡುವ ಯೋಚನೆಯಿದ್ದವರು ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಮತ್ತೆ ಫೋನ್ ಬಂದಾಗ ಬೆಲೆ ಮಾತಾಡುವ ಮೊದಲು ಒಂದು ಫೋಟೊ ಕೇಳಿ: ಎರಡು ಮುಖಗಳದ್ದಲ್ಲ, ಅಂಚಿನದು, ನಾಣ್ಯವನ್ನು ತಿರುಗಿಸುತ್ತಾ ಸುತ್ತಲೂ ತೆಗೆದದ್ದು. ಈ ದೊಡ್ಡ ಬೆಳ್ಳಿ ನಾಣ್ಯಗಳನ್ನು ಎಷ್ಟೋ ಮನೆಗಳಲ್ಲಿ ಕೊಂಡಿ ಬೆಸೆದು ಕೊರಳಿಗೆ ಹಾಕುತ್ತಿದ್ದರು. ಮಾರುವಾಗ ಕೊಂಡಿ ಕಿತ್ತು ಅಂಚನ್ನು ಉಜ್ಜಿರುತ್ತಾರೆ. ಮುಖದ ಫೋಟೊದಲ್ಲಿ ಅದು ಕಾಣುವುದಿಲ್ಲ, ಅಂಚಿನಲ್ಲಿ ಬೆರಳುಗುರಿನಷ್ಟು ಜಾಗ ಮಾತ್ರ ಸಪಾಟಾಗಿ, ಬೇರೆ ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ತೂಕವನ್ನೂ ಗ್ರಾಂನಲ್ಲಿ, ಎರಡು ದಶಮಾಂಶದವರೆಗೆ ಕೇಳಿ. ಸುಮಾರು 23 ಗ್ರಾಂ ಇರಬೇಕು. ಬೆಸುಗೆಯ ಗುರುತು ಇದ್ದರೆ 54,000ವೂ ಜಾಸ್ತಿಯೇ. ಇಲ್ಲದಿದ್ದರೆ ಆ ಫೋಟೊವನ್ನು ನನಗೂ ಕಳಿಸಿ, ನೋಡಿ ಹೇಳುತ್ತೇನೆ.